ಸುಳ್ಳು ಹೇಳದ ಮಾನಿಟರು

ಸಿರುಗುಪ್ಪದಲ್ಲಿ ಒಬ್ಬ ಮನುಷ್ಯ ಸತ್ತನೆಂದು ಡಾಕ್ಟರು ಹೇಳಿದರೆ ಸಾಲದು, ಮನೆಯ ಹೆಂಗಸರು ಅತ್ತರೂ ಸಾಲದು. ಸರ್ಕಲ್ಲಿನ ಎರಡು ಕರೆಂಟು ಕಂಬಗಳ ನಡುವೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಫ್ಲೆಕ್ಸು ಕಟ್ಟಿದ ಮೇಲೆಯೇ ಆತ ಸತ್ತದ್ದು ಖಾತ್ರಿ. ಊರಿಗೆ ಈ ಖಾತ್ರಿಯನ್ನು ಹನ್ನೊಂದು ವರ್ಷದಿಂದ ಒದಗಿಸುತ್ತ ಬಂದವನು ಬಸ್ ನಿಲ್ದಾಣದ ಹಿಂದಿನ ಸಾಲಿನ ‘ಭೀಮರಾಜ ಡಿಜಿಟಲ್ಸ್’ ಅಂಗಡಿಯ ಭೀಮರಾಜ. ಅಂಗಡಿಗೆ ಮಾಲೀಕ, ಕಲಾವಿದ, ಕಸ ಗುಡಿಸುವವ ಎಲ್ಲ ಆತನೇ. ಹುಟ್ಟುಹಬ್ಬಕ್ಕೆ, ಮದುವೆಗೆ ಜನ ಎಲ್ಲೆಲ್ಲಿಗೋ ಹೋಗುತ್ತಿದ್ದರು. ಸತ್ತವರಿಗೆ ಮಾತ್ರ ಭೀಮರಾಜನೇ ಆಗಬೇಕಿತ್ತು.

ಅದಕ್ಕೆ ಕಾರಣವಿತ್ತು. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಿಕೊಳ್ಳದೆ ತೀರಿಹೋಗುವ ಜನ ಈ ಸೀಮೆಯಲ್ಲಿ ಬಹಳ. ಅಂಥವರ ಮನೆಯವರು ಹೆಣ ಕೂರಿಸಿ ಮೊಬೈಲಿನಲ್ಲಿ ತೆಗೆದ ಫೋಟೋ ತಂದು, “ಇದನ್ನ ಸ್ವಲ್ಪ ಜೀವಂತ ಮಾಡಪಾ” ಎಂದು ಎದುರು ಕೂರುತ್ತಿದ್ದರು. ಭೀಮರಾಜ ಬಾಯಿ ಮುಚ್ಚಿಸಿ, ಮೂಗಿನ ಹತ್ತಿ ತೆಗೆದು, ಕಣ್ಣು ತೆರೆಸುತ್ತಿದ್ದ. ಆ ಕಣ್ಣುಗಳು ಆತನ ತಂದೆ ಜೋಗಪ್ಪನವು. ಅಕ್ಕಿ ಗಿರಣಿಗಳಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ ತೀರಿಕೊಂಡ ಜೋಗಪ್ಪನ ದೊಡ್ಡ, ಶಾಂತವಾದ ಕಣ್ಣುಗಳು ಯಾವ ಮುಖಕ್ಕಿಟ್ಟರೂ ಹೊಂದುತ್ತಿದ್ದವು. ಹೀಗಾಗಿ ಊರಿನ ಸತ್ತವರಲ್ಲಿ ಅರ್ಧ ಜನ ಸರ್ಕಲ್ಲಿನಲ್ಲಿ ಹೋಗಿಬರುವವರನ್ನು ಹಮಾಲಿ ಜೋಗಪ್ಪನ ಕಣ್ಣಿನಿಂದಲೇ ನೋಡುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ಭೀಮರಾಜನ ತಾಯಿ ಮಾರೆಮ್ಮನಿಗೆ ಮಾತ್ರ. ಸರ್ಕಲ್ ದಾಟುವಾಗ ಫ್ಲೆಕ್ಸು ಯಾರದೇ ಇರಲಿ, ಆಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೀಗೆ ನೆಮ್ಮದಿಯಾಗಿದ್ದವನಿಗೆ ಒಂದು ದಿನ ದೊಡ್ಡಸ್ತಿಕೆಯ ಹುಳ ಹೊಕ್ಕಿತು. ಮದುವೆ ಫ್ಲೆಕ್ಸು ಕೇಳಲು ಬಂದಿದ್ದ ಹುಡುಗರು ಆತನ ಹಳೆಯ ಡಬ್ಬಾ ಮಾನಿಟರನ್ನು ನೋಡಿ, “ಅಣ್ಣಾ, ಇದರಾಗ ಚಿತ್ರಹಾರ ಬರ್ತೈತೇನು?” ಎಂದು ನಕ್ಕು ಎದುರಿನ ಹೊಸ ಅಂಗಡಿಗೆ ಹೋದರು. ಎದುರಿನವನಲ್ಲಿ ಬಾಗಿದ ಪರದೆ ಇತ್ತು, ಕೀಲಿಮಣೆಯಲ್ಲಿ ದೀಪಗಳು ಉರಿಯುತ್ತಿದ್ದವು. ಭೀಮರಾಜ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ತನ್ನ ಕೆಲಸದ ನಮೂನೆಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಬಳ್ಳಾರಿ ಬಸ್ಸು ಹತ್ತಿದ.

ಬಳ್ಳಾರಿಯ ಆ ಕಂಪ್ಯೂಟರ್ ಅಂಗಡಿಯಲ್ಲಿ ಪ್ರದೀಪ ಎಂಬ ಸೇಲ್ಸ್‌ಮನ್ ಇದ್ದ. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಮುಖದ ಮೇಲೆ ನಗು.

“ಏನ್ ಕೆಲಸಕ್ಕ ಸರ್? ಗೇಮಿಂಗಾ, ವಿಡಿಯೋ ಎಡಿಟಿಂಗಾ?”

“ಸತ್ತೋರು,” ಎಂದ ಭೀಮರಾಜ.

ಪ್ರದೀಪ ಕೊರಳ ಪಟ್ಟಿ ಸರಿಮಾಡಿಕೊಂಡ. “ದಿನಕ್ಕ ಎಷ್ಟು ಸರ್?”

“ಒಬ್ರು, ಇಬ್ರು. ಬ್ಯಾಸಿಗ್ಯಾಗ ಮೂರು ಮಂದಿ.”

“ಹಂಗಾರ ಹದಿನಾರು ಜಿಬಿ ರ್‍ಯಾಮ್ ಸಾಕು. ಗ್ರಾಫಿಕ್ಸ್ ಕಾರ್ಡು ಭಾರಿದು ಬ್ಯಾಡ ಸರ್, ನಿಮ್ಮೋರು ಓಡಾಡಂಗಿಲ್ಲಲ್ಲ.”

ಬಾಗಿದ ಪರದೆಯ ಮುಂದೆ ಭೀಮರಾಜ ನಿಂತೇಬಿಟ್ಟ. ಪ್ರದೀಪ ಒಳ್ಳೆಯ ಹುಡುಗ, ಭುಜ ಹಿಡಿದು ಈಚೆಗೆ ಕರೆದುಕೊಂಡು ಬಂದ. “ಅದು ಆಟ ಆಡೋರಿಗೆ ಸರ್. ಎಲ್ಲಾ ಬಣ್ಣಾನೂ ಜಾಸ್ತಿ ಮಾಡಿ ತೋರಸ್ತೈತಿ. ನಿಮಗ ಬೇಕಾದ್ದು ಇದು. ಮಾರಿ ಹೆಂಗೈತೋ ಹಂಗ, ಒಂದು ಕೂದಲೆಳಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಸುಳ್ಳು ಹೇಳಂಗಿಲ್ಲ ಸರ್ ಇದು.”

ನೋಡಿಯೇ ಬಿಡೋಣವೆಂದು ಭೀಮರಾಜ ಪೆನ್‌ಡ್ರೈವು ಚುಚ್ಚಿದ. ಇಪ್ಪತ್ತೇಳು ಇಂಚಿನ ಪರದೆಯ ಮೇಲೆ ಹೂವಿನ ಹಾರ ಹಾಕಿಕೊಂಡ ಹಿರಿಯರು ಒಬ್ಬರ ಹಿಂದೆ ಒಬ್ಬರಂತೆ ಬರತೊಡಗಿದರು, ಎಲ್ಲರೂ ಒಂದೇ ರೀತಿ ನೋಡುತ್ತ. ಪಕ್ಕದಲ್ಲಿ ಮಗಳ ಕಾಲೇಜಿಗೆ ಲ್ಯಾಪ್‌ಟಾಪು ಆರಿಸುತ್ತಿದ್ದ ಗಂಡ ಹೆಂಡತಿ ಐದನೆಯವರು ಬರುವ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಹೊರಟುಹೋದರು. “ಅಣ್ಣಾ, ಕಡಿಮಿ ಮಾಡಿ ಕೊಡ್ತೀನಿ, ಮೊದಲು ಅವ್ರನ್ನ ಬಂದ್ ಮಾಡು,” ಎಂದ ಪ್ರದೀಪ. ಭೀಮರಾಜನಿಗೆ ಒಂದು ಸಂಗತಿ ಮಾತ್ರ ಸೋಜಿಗವೆನಿಸಿತ್ತು. ಈ ಪರದೆಯ ಮೇಲೆ ಆತನ ಹಳೆಯ ಫ್ಲೆಕ್ಸಿನವರೆಲ್ಲ ಕುಂಕುಮ ಬಳಿದುಕೊಂಡಂತೆ ಕೆಂಪಗೆ ಕಾಣುತ್ತಿದ್ದರು. ಒಳ್ಳೆಯ ಮಾನಿಟರಿನಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡು ಕೊಂಡುಬಿಟ್ಟ. ಆ ಹೊತ್ತಿನಲ್ಲಿ ಆತ ಇನ್ನೊಂದು ನಿಮಿಷ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೆಟ್ಟಿಗೆಯೊಳಗೆ ಒಂದು ಕಾಗದವೂ ಇತ್ತು: ಈ ಮಾನಿಟರಿನ ಬಣ್ಣಗಳನ್ನು ಕಾರ್ಖಾನೆಯಲ್ಲೇ ಪರೀಕ್ಷೆ ಮಾಡಲಾಗಿದೆ ಎಂದು. ಭೀಮರಾಜ ಅದನ್ನು ಲ್ಯಾಮಿನೇಷನ್ ಮಾಡಿಸಿ, ಬುದ್ಧನ ಚಿತ್ರಕ್ಕೂ ಬಾಬಾಸಾಹೇಬರ ಚಿತ್ರಕ್ಕೂ ಸ್ವಲ್ಪ ಕೆಳಗೆ ತೂಗುಹಾಕಿದ. ಅಂಗಡಿಯ ನೆತ್ತಿಗೆ ಹೊಸ ಬೋರ್ಡು ಬಂತು: ‘ಇಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲ’.

“ಇಷ್ಟು ದೊಡ್ಡದು ತಂದೀ, ಸತ್ತೋರು ಇದರಾಗಿಂದ ಎದ್ದು ಬರ್ತಾರೇನಲೇ?” ಎಂದಳು ಮಾರೆಮ್ಮ. ಹಳೆಯ ಡಬ್ಬಾವನ್ನು ಹಿತ್ತಲಿಗೆ ಒಯ್ದು ಅದರ ಮೇಲೆ ಕೋಳಿ ಬುಟ್ಟಿ ಇಟ್ಟಳು.

ಹೊಸ ಮಾನಿಟರಿನ ಮೊದಲ ಗಿರಾಕಿ ಊರಿನ ಹಿರಿಯ ಭತ್ತದ ವ್ಯಾಪಾರಿ ವಿರೂಪಾಕ್ಷಪ್ಪನವರು. ಎಪ್ಪತ್ತೆಂಟರ ವಯಸ್ಸು, ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಆ ನಾಲ್ಕು ವರ್ಷವೂ ಅವರನ್ನು ಎತ್ತಿ ಕೂರಿಸಿ, ತೊಳೆದು, ಚಮಚೆಯಲ್ಲಿ ಗಂಜಿ ಕುಡಿಸಿದವಳು ಸೊಸೆ ಶೈಲಜಾ. ಮಂಗಳವಾರ ಮಧ್ಯಾಹ್ನ ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಜೀವನವಿಡೀ ನಂಬಿದ್ದವರು ಅವರು. ಆಧಾರ್ ಕಾರ್ಡಿನಲ್ಲಿದ್ದ ಅವರ ಚಿತ್ರವನ್ನು ಸ್ವತಃ ಅವರೇ ಗುರುತಿಸುತ್ತಿರಲಿಲ್ಲ. ಮಗ ಶಶಿಕಾಂತ್ ಫೋನು ಮಾಡಿದಾಗ ಭೀಮರಾಜ, “ಸಾವ್ಕಾರ್ರ, ಮಾರಿಗೆ ಈಬತ್ತಿ ಹಚ್ಚೋಕಿಂತ ಮೊದಲು ಕುಂದ್ರಿಸಿ ಒಂದು ಫೋಟೋ ತಗದು ಕಳಸ್ರಿ,” ಎಂದ. ಬಂದ ಫೋಟೋಗೆ ಕಣ್ಣು ತೆರೆಸಿ, ಹೊಸ ಪರದೆಯ ಮೇಲೆ ಮೈಬಣ್ಣ ನೋಡಿದರೆ ಮನುಷ್ಯ ಈಗ ತಾನೇ ಊಟ ಮಾಡಿ ಕೂತಂತಿದ್ದರು. ಅದನ್ನು ಬಳ್ಳಾರಿಯ ಪ್ರಿಂಟಿಂಗ್ ಅಂಗಡಿಗೆ ಕಳಿಸಿದ.

ಇಲ್ಲಿ ಒಂದು ಸಂಗತಿ ಹೇಳಬೇಕು, ಅದು ಭೀಮರಾಜನಿಗೂ ಗೊತ್ತಿರಲಿಲ್ಲ. ಹಳೆಯ ಡಬ್ಬಾದಲ್ಲಿ ಕೆಂಪು ಬಣ್ಣ ಸತ್ತು ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಎಲ್ಲರೂ ನೀಲಿಯಾಗಿ ಕಾಣುತ್ತಿದ್ದುದರಿಂದ ಭೀಮರಾಜ ಮುಖ ಸರಿ ಕಾಣುವವರೆಗೆ ಕೆಂಪು ಸುರಿಯುತ್ತಿದ್ದ. ಬಳ್ಳಾರಿಯಲ್ಲಿ ಮಷೀನು ನಡೆಸುವ ಎರ್ರಿಸ್ವಾಮಿ, ಸಿರುಗುಪ್ಪದ ಅಣ್ಣ ಕಳಿಸುವ ಮುಖಗಳು ಯಾವಾಗಲೂ ಕೆಂಪಗಿರುತ್ತವೆಂದು ಕಂಡುಕೊಂಡು, ಆ ಅಣ್ಣನಿಗೆ ನೋವಾಗಬಾರದೆಂದು ಏನೂ ಹೇಳದೆ, ಆತನ ಕೆಲಸ ಬಂದಾಗಲೆಲ್ಲ ಕೆಂಪು ಇಳಿಸಿ ನೀಲಿ ಏರಿಸುತ್ತಿದ್ದ. ಮಷೀನಿನಲ್ಲಿ ‘ಸಿರುಗುಪ್ಪ’ ಎಂದು ಒಂದು ಗುಂಡಿಯನ್ನೇ ಮಾಡಿಟ್ಟಿದ್ದ. ಹನ್ನೊಂದು ವರ್ಷ ಈತನ ತಪ್ಪನ್ನು ಆತ, ಆತನ ತಪ್ಪನ್ನು ಈತ ನುಂಗಿಹಾಕಿ ಊರಿನ ಸತ್ತವರು ಮರ್ಯಾದೆಯಾಗಿ ಉಳಿದಿದ್ದರು. ಈಗ ಭೀಮರಾಜ ಸರಿಯಾದ ಬಣ್ಣ ಕಳಿಸಿದ. ಎರ್ರಿಸ್ವಾಮಿ ಎಂದಿನಂತೆ ಗುಂಡಿ ಒತ್ತಿದ.

ಫ್ಲೆಕ್ಸು ಬುಧವಾರ ಮಧ್ಯಾಹ್ನದ ಬಸ್ಸಿಗೆ ಬಂತು. ಅಷ್ಟರಲ್ಲಿ ವಿರೂಪಾಕ್ಷಪ್ಪನವರನ್ನು ಅವರ ಹೊಲದಲ್ಲಿ ಕ್ರಿಯಾವಿಧಿಯಂತೆ ಕೂರಿಸಿ ಮಣ್ಣು ಮಾಡಿ ಜನ ಊರಿಗೆ ಹಿಂದಿರುಗುತ್ತಿದ್ದರು. ಕಂಬ ಹತ್ತಿದ್ದ ಭೀಮರಾಜ ಹಗ್ಗ ಕಟ್ಟಿ, ಸುರುಳಿ ಬಿಚ್ಚಿ, ಕೆಳಗಿನವರ ಮುಖ ನೋಡಿದ. ಹತ್ತಡಿ ಎತ್ತರದ ವಿರೂಪಾಕ್ಷಪ್ಪನವರು ನೇರಳೆ ಹಣ್ಣಿನ ಬಣ್ಣದ ತುಟಿ, ನೀಲಿಗಟ್ಟಿದ ಕೆನ್ನೆ ಇಟ್ಟುಕೊಂಡು, ದೊಡ್ಡ ಶಾಂತ ಕಣ್ಣಿನಿಂದ ಎಲ್ಲರನ್ನೂ ನೋಡುತ್ತಿದ್ದರು.

ಮೊದಲು ಬಾಯಿ ಬಿಟ್ಟವನು ಟೀ ಅಂಗಡಿಯ ಕೊಟ್ಟೂರಪ್ಪ. ಈತ ಯಾವ ವಿಷಯದಲ್ಲೂ ಪೂರ್ತಿ ಮಾತು ಆಡುವವನಲ್ಲ. “ನಾ ಏನೂ ಅನ್ನಂಗಿಲ್ಲಪಾ,” ಎಂದ. “ಕ್ರಿಮಿನಾಶಕ ಕುಡದೋರು ಹಿಂಗ ಆಗ್ತಾರಂತ ಕೇಳೀನಿ, ಅಷ್ಟ.”

ಅಷ್ಟೇ ಸಾಕಾಯಿತು. ಗುಂಪಿನಲ್ಲಿ ವಿರೂಪಾಕ್ಷಪ್ಪನವರ ಮಗಳು ಅಕ್ಕನಾಗಮ್ಮ ಇದ್ದಳು. ಕುರುಗೋಡಿಗೆ ಕೊಟ್ಟಿದ್ದ ಈಕೆ ಸುದ್ದಿ ತಿಳಿದು ಬರುವಷ್ಟರಲ್ಲಿ ತಂದೆಯ ಮುಖಕ್ಕೆ ದಪ್ಪಗೆ ವಿಭೂತಿ ಬಳಿದು, ಪೇಟ ಸುತ್ತಿ, ಹಾರದಲ್ಲಿ ಮುಚ್ಚಿಯಾಗಿತ್ತು. ನಾಲ್ಕು ವರ್ಷದಲ್ಲಿ ನಾಲ್ಕೇ ಸಲ ಬಂದುಹೋಗಿದ್ದ ಮಗಳಿಗೆ ಕೊನೆಗೂ ಮುಖ ಕಾಣಲಿಲ್ಲವೆಂಬ ಸಂಕಟ ಮೊದಲೇ ಇತ್ತು. ಸಂಕಟಕ್ಕೆ ಈಗ ಹೋಗಲು ಒಂದು ದಾರಿ ಸಿಕ್ಕಿತು.

“ಅದಕ್ಕ ಮಾರಿ ತುಂಬ ಈಬತ್ತಿ ಬಡದಿದ್ರು,” ಎಂದಳು. ಭೀಮರಾಜನ ಕಡೆ ತಿರುಗಿ, “ಖರೇ ಹೇಳು. ನಮ್ಮಪ್ಪನ ಮಾರಿ ಹಿಂಗ ಇತ್ತೇನು? ಇದು ಖರೇ ಬಣ್ಣೇನು?”

ಈ ಪ್ರಶ್ನೆ ಬರುವಾಗ ಕಂಬದ ಮೇಲಿದ್ದ ಭೀಮರಾಜನಿಗೆ ಫ್ಲೆಕ್ಸಿನ ಹಿಂಬದಿಯಷ್ಟೇ ಕಾಣುತ್ತಿತ್ತು. ಎದುರಿನ ಅಂಗಡಿಯವನು ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದದ್ದು ಮಾತ್ರ ಚೆನ್ನಾಗಿ ಕಂಡಿತು. ಹೊಸ ಬೋರ್ಡಿಗೆ ಇನ್ನೂ ವಾರವಾಗಿರಲಿಲ್ಲ. “ನೂರಕ್ಕ ನೂರು, ಅಮ್ಮಾರ,” ಎಂದ. “ನಮ್ಮ ಮಾನಿಟರಿನ್ಯಾಗ ಸುಳ್ಳು ಬರೋದಿಲ್ಲ.”

ಆಮೇಲೆ ಕೆಳಗಿಳಿದು ನೋಡಿದ. ಅದು ತಾನು ಕಳಿಸಿದ ಬಣ್ಣವೇ ಅಲ್ಲ. ಆದರೆ ಅಷ್ಟರಲ್ಲಿ ಅಕ್ಕನಾಗಮ್ಮ ಜನರನ್ನು ಕಟ್ಟಿಕೊಂಡು ಠಾಣೆಯ ದಾರಿ ಹಿಡಿದಾಗಿತ್ತು.

ಭೀಮರಾಜ ಎರ್ರಿಸ್ವಾಮಿಗೆ ಫೋನು ಮಾಡಿದ. ಎರ್ರಿಸ್ವಾಮಿ ತಾನು ಹನ್ನೊಂದು ವರ್ಷ ಮಾಡಿದ ಉಪಕಾರವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. “ನಿನ್ನ ಮನಸಿಗೆ ಬ್ಯಾಸರ ಆಗಬಾರದಂತ ಹೇಳಿರಲಿಲ್ಲಣ್ಣಾ,” ಎಂದು ಮುಗಿಸಿದ. ಭೀಮರಾಜ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ಕಂಬದ ಮೇಲಿಂದ ಆಡಿದ್ದು ಒಂದೇ ಮಾತು, ಆ ಮಾತು ಈಗ ಗಂಜಿ ಕುಡಿಸಿದ ಶೈಲಜಾಳ ಕೊರಳಿಗೆ ಬಿದ್ದಿತ್ತು. ನಾಚಿಕೆಯಿಂದ ಆತನಿಗೆ ಬೋರ್ಡಿನ ಕಡೆ ತಲೆ ಎತ್ತಲಾಗಲಿಲ್ಲ.

ಮರುದಿನ ಹೋಗಿ ಎಸ್‌ಐ ಸಾಹೇಬರ ಮುಂದೆ ನಿಂತ. ಅಕ್ಕನಾಗಮ್ಮ ಅಲ್ಲೇ ಬೆಂಚಿನ ಮೇಲಿದ್ದಳು, ಪಕ್ಕದಲ್ಲಿ ಶಶಿಕಾಂತ್. ಶೈಲಜಾಳ ಗಂಡನಾದ ಈತ ಹಿಂದಿನ ಸಂಜೆಯಿಂದ ಖಾನಾವಳಿಯಲ್ಲಿ ಉಣ್ಣುತ್ತಿದ್ದಾನೆಂಬ ಸುದ್ದಿ ಆಗಲೇ ಊರಿನಲ್ಲಿತ್ತು. ಭೀಮರಾಜ ಕೆಂಪು ಸತ್ತ ಡಬ್ಬಾದಿಂದ ಹಿಡಿದು ಎರ್ರಿಸ್ವಾಮಿಯ ಗುಂಡಿಯವರೆಗೆ ಬೆವರುತ್ತ ಹೇಳಿದ. ಸಾಹೇಬರು ಬರೆಯುವುದನ್ನು ನಿಲ್ಲಿಸಿದರು.

“ಅಂದ್ರ ಹನ್ನೊಂದು ವರ್ಷ ನೀ ಸುಳ್ಳು ಬಣ್ಣ ಹಾಕಿದಿ, ಮಾರಿ ಖರೇ ಬಂದುವು.”

“ಹೌದು ಸರ್.”

“ಈಗ ಖರೇ ಬಣ್ಣ ಹಾಕಿದಿ, ಮಾರಿ ಸುಳ್ಳು ಬಂತು.”

“ಹೌದು ಸರ್.”

“ಇದನ್ನ ನಾ ಸ್ಟೇಟ್‌ಮೆಂಟಿನ್ಯಾಗ ಹೆಂಗ ಬರೀಲೆಪಾ?”

ಬಳ್ಳಾರಿಗೆ ಫೋನು ಹೋಯಿತು. ಎರ್ರಿಸ್ವಾಮಿಯ ಪಕ್ಕದಲ್ಲಿ ಅಂಗಡಿ ಮಾಲೀಕ ನಿಂತಿದ್ದನೆಂದು ಕಾಣುತ್ತದೆ. “ನಮ್ಮ ಮಷೀನು ಕರೆಕ್ಟ್ ಐತಿ ಸಾರ್,” ಎಂದು ಹೇಳಿ ಇಟ್ಟುಬಿಟ್ಟ. ಅಂಗಡಿಗೆ ಹೋಗಿ ಬಂದ ಪೇದೆ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟನ್ನೇ ಗೋಡೆಯಿಂದ ಬಿಡಿಸಿ ತಂದಿದ್ದ. ಸಾಹೇಬರು ಅದನ್ನು ಎರಡು ಸಲ ಓದಿದರು. “ಕಂಪನಿಯವರು ಬಣ್ಣ ಸರಿ ಐತಿ ಅಂತಾರ. ಬೋರ್ಡಿನ್ಯಾಗ ನೀನೂ ಹಂಗ ಅಂತಿ. ಈಗ ಯಾರಿಗೆ ಅಂಜಿ ಮಾತು ಬದಲು ಮಾಡಾಕತ್ತಿ?” ಆಮೇಲೆ ಫ್ಲೆಕ್ಸಿನ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿದರು. “ಸತ್ತ ಮ್ಯಾಲೆ ತಗದದ್ದು ಅಂತಿ, ಕಣ್ಣು ತೆರದಾವಲ್ಲ?”

“ಅವು ನಾ ಹಾಕಿದ್ದು ಸರ್.”

“ಯಾರವು?”

ಭೀಮರಾಜ ಸುಳ್ಳು ಹೇಳುವುದನ್ನು ಅಂದಿಗೆ ಬಿಟ್ಟಿದ್ದ. “ನಮ್ಮಪ್ಪನವು.”

“ಯಾರ್ ನಿಮ್ಮಪ್ಪ?” ಎಂದಳು ಅಕ್ಕನಾಗಮ್ಮ.

“ಹಮಾಲಿ ಜೋಗಪ್ಪ, ಅಮ್ಮಾರ.”

ಅಕ್ಕನಾಗಮ್ಮ ವಿಷದ ಮಾತನ್ನು ಮೊದಲ ಸಲ ಮರೆತಳು. “ನಮ್ಮಪ್ಪನ ಮಾರಿಗೆ ಅವನ ಕಣ್ಣೇನು?” ಎಂದವಳು ಇನ್ನೊಂದು ದೂರು ಬರೆದುಕೊಳ್ಳಲೇಬೇಕೆಂದು ಪಟ್ಟು ಹಿಡಿದಳು. ಹಿಂದಿನ ದಿನದಿಂದ ಹೆಂಡತಿಯ ಪರವಾಗಿ ಒಂದು ಅಕ್ಷರ ಆಡದ ಶಶಿಕಾಂತ್ ಕೂಡ ಈ ಮಾತಿಗೆ ಎದ್ದು ನಿಂತ. ಸತ್ತವನಿಗೆ ಮತ್ತೊಬ್ಬ ಸತ್ತವನ ಕಣ್ಣು ಹಾಕಿದರೆ ಯಾವ ಸೆಕ್ಷನ್ ಎಂದು ಸಾಹೇಬರು ಕೇಳಿದರು, ಪೇದೆ ಪುಸ್ತಕ ತಿರುವಿದ, ಸಿಗಲಿಲ್ಲ. ಆ ಮನೆಯ ಭತ್ತದ ಚೀಲಗಳನ್ನು ಜೋಗಪ್ಪ ಮೂವತ್ತು ವರ್ಷ ಹೊತ್ತಿದ್ದ. ಬೆನ್ನು ಯಾರದೆಂದು ಆಗ ಯಾರೂ ವಿಚಾರಿಸಿರಲಿಲ್ಲ. ಕೊನೆಗೆ ಕಣ್ಣಿನ ದೂರು ಬಿದ್ದುಹೋಗಿ ವಿಷದ ದೂರು ನಿಂತಿತು, ಹೂತದ್ದನ್ನು ತೆಗೆದು ನೋಡಲು ಮೇಲಕ್ಕೆ ಕಾಗದ ಹೋಯಿತು.

ಭೀಮರಾಜ ಶೈಲಜಾಳ ಮನೆಗೆ ಹೋದ. ಅಂಗಳದಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿ, “ತಪ್ಪಾತ್ರಿ ಅಕ್ಕಾರ,” ಎಂದ. ಶೈಲಜಾ ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಚಹಾ ತಂದು ಕೊಟ್ಟಳು. ಆಮೇಲೆ ತನ್ನ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದಳು. ವಿರೂಪಾಕ್ಷಪ್ಪನವರು ದಿಂಬಿಗೆ ಒರಗಿದ್ದಾರೆ, ಚಮಚೆ ಹಿಡಿದ ಒಂದು ಕೈ ಅವರ ಬಾಯಿಯ ಹತ್ತಿರವಿದೆ, ಅವರು ಆ ಕೈಯ ಒಡತಿಯನ್ನು ನೋಡುತ್ತಿದ್ದಾರೆ. ಸ್ವಂತ ಕಣ್ಣು, ಸಣ್ಣವು, ಸ್ವಲ್ಪ ಹಟಮಾರಿ.

“ಗಂಜಿ ಒಳಗ ಇಳಿತೈತೋ ಇಲ್ಲೋ ತಗದು ಕಳಸಂತ ಡಾಕ್ಟರ್ ಅಂದಿದ್ರು,” ಎಂದಳು ಶೈಲಜಾ. “ಹಿಂಥವು ನಲವತ್ತು ಅದಾವ.”

“ಇದನ್ನ ಯಾಕ ಕೊಡಲಿಲ್ರಿ ಅಕ್ಕಾರ?”

“ನನ್ನ ಯಾರು ಕೇಳಿದ್ರು?”

ಭೀಮರಾಜ ಆ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದ. ತನ್ನದೇ ಮುಖದ ಫೋಟೋವನ್ನು ಹೊಸ ಮಾನಿಟರಿನಲ್ಲಿ ಸರಿಮಾಡಿ, ಅದೇ ಗುಂಡಿ ಒತ್ತೆಂದು ಎರ್ರಿಸ್ವಾಮಿಯನ್ನು ಗೋಗರೆದು, ಹತ್ತಡಿಯ ನೀಲಿ ಭೀಮರಾಜನನ್ನು ಸರ್ಕಲ್ಲಿಗೆ ಕಟ್ಟಿದ. ಕೆಳಗೆ ಬರೆಸಿದ್ದ: ‘ನಾನು ಬದುಕಿದ್ದೇನೆ. ಬಣ್ಣ ಮಾತ್ರ ತಪ್ಪು’. ಫ್ಲೆಕ್ಸಿನ ಕೆಳಗೆ ತಾನೇ ನಿಂತು ಹೋಗಿಬರುವವರಿಗೆ ಮುಖ ತೋರಿಸಿದ. ಜನ ಓದಲಿಲ್ಲ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಮುಖ ಬಂತೆಂದರೆ ಕೆಳಗೆ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ಮಧ್ಯಾಹ್ನದೊಳಗೆ ಮಾರೆಮ್ಮನ ಮನೆಗೆ ಹನ್ನೆರಡು ಹೆಂಗಸರು ಅಳಲು ಬಂದರು, ಆಕೆ ಪೊರಕೆ ಹಿಡಿದು ಅಟ್ಟಿದಳು. ನಿಂತು ಓದಿದವನು ಕೊಟ್ಟೂರಪ್ಪ ಒಬ್ಬ. ಓದಿ, ಭೀಮರಾಜನ ಮುಖವನ್ನೂ ಫ್ಲೆಕ್ಸಿನ ಮುಖವನ್ನೂ ತಾಳೆ ನೋಡಿ ದನಿ ತಗ್ಗಿಸಿದ.

“ನಾ ಏನೂ ಅನ್ನಂಗಿಲ್ಲಪಾ. ಮೊನ್ನೆ ಶೈಲಜಮ್ಮನ ಮನ್ಯಾಗ ಚಾ ಕುಡದಿದ್ದಿ ಅಂತಲ್ಲ?”

ಸಂಜೆಯ ಹೊತ್ತಿಗೆ ಊರಿನಲ್ಲಿ ವಿಷ ಉಂಡವರು ಇಬ್ಬರಾಗಿದ್ದರು, ಒಬ್ಬನಿಗೆ ಇನ್ನೂ ಏರಿರಲಿಲ್ಲ ಅಷ್ಟೇ.

ಹತ್ತೊಂಬತ್ತನೆಯ ದಿನ ತಹಶೀಲ್ದಾರರು, ಡಾಕ್ಟರು, ಪೊಲೀಸರು ಹೊಲಕ್ಕೆ ಬಂದರು. ವಿರೂಪಾಕ್ಷಪ್ಪನವರನ್ನು ಕೂರಿಸಿದ ಗುಂಡಿಯನ್ನು ತೆರೆದರು. ಎಲ್ಲರೂ ಮೂಗಿಗೆ ಕರ್ಚೀಫು ಹಿಡಿದಿದ್ದರು. ಅಪ್ಪನ ಮುಖ ನೋಡಲೇಬೇಕೆಂದು ಮುಂದೆ ನುಗ್ಗಿದ ಅಕ್ಕನಾಗಮ್ಮ ಒಮ್ಮೆ ಬಗ್ಗಿ ನೋಡಿ, ಹಿಂದಕ್ಕೆ ಬಂದು, ಬದುವಿನ ಮೇಲೆ ಕುಸಿದು ಕೂತಳು. ಹತ್ತೊಂಬತ್ತು ದಿನದ ಮೇಲೆ ಮಣ್ಣಿನೊಳಗೆ ಯಾರಿಗೂ ಯಾವ ಬಣ್ಣವೂ ಉಳಿದಿರುವುದಿಲ್ಲ. ಭೀಮರಾಜ ಜಾಲಿ ಗಿಡದ ಮರೆಗೆ ಹೋಗಿ ವಾಂತಿ ಮಾಡಿಕೊಂಡ. ಶೈಲಜಾ ಒಬ್ಬಳೇ ದೂರದಲ್ಲಿ ಬಿಸಿಲಿಗೆ ನಿಂತಿದ್ದಳು, ಯಾರೂ ಆಕೆಯ ಹತ್ತಿರ ಹೋಗಲಿಲ್ಲ. ಒಂದು ಫ್ಲೆಕ್ಸಿನಿಂದ ಇಷ್ಟಾಯಿತಲ್ಲ ಎಂದು ಭೀಮರಾಜನಿಗೆ ಆ ಹೊತ್ತಿನಲ್ಲಿ ಆ ಗುಂಡಿಯೊಳಗೆ ತಾನೇ ಇಳಿದು ಕೂತರೆ ಸಾಕೆನಿಸಿತು.

ಎರಡೂವರೆ ತಿಂಗಳಿಗೆ ಪ್ರಯೋಗಾಲಯದ ವರದಿ ಬಂತು. ವಿಷವಿಲ್ಲ, ಹೃದಯ ನಿಂತು ಸತ್ತಿದ್ದಾರೆ. ಎಸ್‌ಐ ಸಾಹೇಬರು ಫೈಲು ಮುಚ್ಚಿದರು. ಊರು ಮುಚ್ಚಲಿಲ್ಲ. “ಮಷೀನಿಗೂ ಸಿಗಲಾರದ ವಿಷ ಇರ್ತಾವಪಾ, ನಾ ಏನೂ ಅನ್ನಂಗಿಲ್ಲ,” ಎಂದ ಕೊಟ್ಟೂರಪ್ಪ.

ಹನ್ನೊಂದನೆಯ ದಿನ ಆಗಬೇಕಿದ್ದ ಶಿವಗಣಾರಾಧನೆ ಹೀಗೆ ಮೂರನೆಯ ತಿಂಗಳಲ್ಲಿ ಆಯಿತು. ಅಡುಗೆಯವರನ್ನು ಕರೆಸೋಣವೆಂದು ಶಶಿಕಾಂತ್ ಅಂದ. “ನಾನ ಮಾಡ್ತೀನಿ,” ಎಂದಳು ಶೈಲಜಾ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಎಲ್ಲವನ್ನೂ ಬೆಳಗಿನಿಂದ ಒಬ್ಬಳೇ ಬೇಯಿಸಿದಳು. ಭೀಮರಾಜ ಹೊಸ ಫ್ಲೆಕ್ಸು ಮಾಡಿ ತಂದಿದ್ದ, ಚಮಚೆಯ ಫೋಟೋದ್ದು. ಆ ಕೈ ತೆಗೆದುಬಿಡೆಂದು ಶಶಿಕಾಂತ್ ಹೇಳಿ ಕಳಿಸಿದ್ದ. ಭೀಮರಾಜ ತೆಗೆದಿರಲಿಲ್ಲ.

ಎಲೆ ಹಾಕಿ ಬಡಿಸಿಯಾಯಿತು. ಮೊದಲು ಉಣ್ಣಬೇಕಾದ ಜಂಗಮ ಅಯ್ಯನವರು ತಮಗೆ ಇವತ್ತು ಉಪವಾಸ ಎಂದರು. ಅಂದು ಸೋಮವಾರವೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಅವರ ಪಕ್ಕದವರಿಗೆ ಹೊಟ್ಟೆ ಸರಿಯಿರಲಿಲ್ಲ, ಅವರ ಪಕ್ಕದವರು ಮನೆಯಲ್ಲೇ ಮುಗಿಸಿ ಬಂದಿದ್ದರು. ನಲವತ್ತು ಎಲೆಯ ಮುಂದೆ ನಲವತ್ತು ಜನ ಕೈ ಕಟ್ಟಿಕೊಂಡು ಕೂತರು. ಶೈಲಜಾ ಹುಗ್ಗಿಯ ಪಾತ್ರೆ ಹಿಡಿದು ನಡುವೆ ನಿಂತಿದ್ದಳು. ಆಮೇಲೆ ಹೊರಗೆ ಹಗ್ಗ ಬಿಗಿಯುತ್ತಿದ್ದವನನ್ನು ಕೂಗಿದಳು.

“ಭೀಮರಾಜ, ಒಳಗ ಬಾ. ಉಣ್ಣು.”

ಅಯ್ಯನವರು ಎಲೆ ಬಿಟ್ಟು ಪಕ್ಕಕ್ಕೆ ಸರಿದಿದ್ದರಿಂದ ಅವರ ಜಾಗ ಖಾಲಿ ಇತ್ತು. ಆಕೆ ತೋರಿಸಿದ್ದು ಅದನ್ನೇ. ಈ ಮನೆಯಲ್ಲಿ ಅಂಗಳದಿಂದ ಒಳಗೆ ಬಾರದಿದ್ದ ಭೀಮರಾಜ ಬಂದು ಕೂತ. ಕೂತವನಿಗೆ ಒಂದು ವಿಚಾರ ಹೊಳೆಯಿತು. ಈ ಊರಿನಲ್ಲಿ ಶೈಲಜಕ್ಕ ಯಾರಿಗಾದರೂ ವಿಷ ಹಾಕುವುದೇ ಆದರೆ ನ್ಯಾಯವಾಗಿ ಮೊದಲು ತನಗೇ ಹಾಕಬೇಕು. ಎಲೆಯ ಮೇಲಿನ ಹುಗ್ಗಿಯನ್ನು ನೋಡಿದ. ಹಾಕಿದ್ದರೂ ಉಣ್ಣಬೇಕಾದದ್ದೇ ಎಂದುಕೊಂಡು ತುತ್ತು ಬಾಯಿಗಿಟ್ಟ.

ನಲವತ್ತು ಜನ ಆತನ ಮುಖವನ್ನೇ ನೋಡುತ್ತಿದ್ದರು. ಯಾವ ಮಾನಿಟರನ್ನೂ ಯಾರೂ ಅಷ್ಟು ಗಮನವಿಟ್ಟು ನೋಡಿರಲಾರರು. ಪಲ್ಯದ ಮೆಣಸಿನಕಾಯಿ ಕಚ್ಚಿ ಆತನಿಗೆ ನೆತ್ತಿಗೇರಿ ಮುಖ ಕೆಂಪಾದಾಗ ಇಡೀ ಪಂಕ್ತಿ ಎದ್ದು ನಿಂತಿತು. “ಮೆಣಸಿನಕಾಯಿ ರೀ, ಮೆಣಸಿನಕಾಯಿ,” ಎಂದು ಕೆಮ್ಮುತ್ತ ಕೈ ಆಡಿಸಿದ. ಪಂಕ್ತಿ ಮತ್ತೆ ಕೂತಿತು. ಆತ ಎಲೆ ಖಾಲಿ ಮಾಡಿದ. ಕೆಂಪು ಇಳಿದು, ಮುಖ ಮೊದಲಿನ ಬಣ್ಣಕ್ಕೆ ಬಂದು, ಗಳಿಗೆ ಕಳೆದು, ಅದೇ ಬಣ್ಣದಲ್ಲಿ ಉಳಿಯಿತು.

ಅಕ್ಕನಾಗಮ್ಮ ನಿಟ್ಟುಸಿರು ಬಿಟ್ಟಳು. “ಹೊರಗಿನಾವಗ ಆಕಿ ಯಾಕ ಹಾಕ್ತಾಳ?” ಎಂದು ಎಲೆ ಮಡಚಿ ಎದ್ದಳು. ಆಕೆಯ ಹಿಂದೆ ಒಬ್ಬೊಬ್ಬರೇ ಎದ್ದರು. ಕೊನೆಗೆ ಶಶಿಕಾಂತ್ ಕೂಡ ಯಾರೋ ಕರೆದರೆಂಬಂತೆ ಬಾಗಿಲ ಕಡೆ ನೋಡಿಕೊಂಡು ಎದ್ದುಹೋದ.

ಪಡಸಾಲೆಯಲ್ಲಿ ಬಡಿಸಿಟ್ಟ ಎಲೆಗಳು ಉಳಿದವು. ಶೈಲಜಾ ಅಷ್ಟೂ ಎಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಪಾತ್ರೆ ಕೆಳಗಿಟ್ಟು, ಭೀಮರಾಜನ ಎದುರಿನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

“ನಾಕು ವರ್ಷ ಅವ್ರಿಗೆ ಉಣಿಸಿ, ಇವ್ರಿಗೆ ಬಡಿಸಿ, ಆಮ್ಯಾಲೆ ಉಳದದ್ದು ಉಂಡೀನಿ,” ಎಂದಳು. “ಇವತ್ತು ಬಿಸಿ ಇದ್ದಾಗ ಉಣ್ತೀನಿ.”

ಉಣ್ಣತೊಡಗಿದಳು. ಆಕೆಗೆ ಬಹಳ ಹಸಿವಾಗಿತ್ತು. ಹೊಟ್ಟೆ ಬಿರಿಯುವಂತಾಗಿದ್ದರೂ ಭೀಮರಾಜ ಎಲೆ ಮುಂದಕ್ಕೆ ಸರಿಸಿದ.

“ಹುಗ್ಗಿ ಇನ್ನೊಂದೀಟು ಹಾಕ್ರಿ ಅಕ್ಕಾರ.”

ಶೈಲಜಾ ತಲೆ ಎತ್ತಲಿಲ್ಲ. ಎಡಗೈಯಿಂದ ಪಾತ್ರೆಯನ್ನು ಆತನ ಕಡೆ ತಳ್ಳಿದಳು.

“ನೀನ ಹಾಕ್ಕೋ. ನಾ ಉಣ್ಣಾಕತ್ತೀನಿ.”